ಬೇಳೆ ಬೇಯದ ನೀರಿನ ಲೆಕ್ಕ

ಹಳೇ ಮೈಸೂರು ಕಡೆಯ ಊರುಗಳಲ್ಲಿ ಬಾವಿಗಳನ್ನು ಗುರುತಿಸುತ್ತಿದ್ದದ್ದೇ ರುಚಿಯಿಂದ. ಇದು ಸೀನೀರು, ಅದು ಸೌಳು. ಸೀನೀರಿನಲ್ಲಿ ತೊಗರಿಬೇಳೆ ಎರಡು ಕುದಿಗೆ ಕರಗುತ್ತದೆ. ಸೌಳು ನೀರಿನಲ್ಲಿ ಎಷ್ಟು ಸೌದೆ ಉರಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತದೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ನೀರಿನ ಗಡಸುತನಕ್ಕೆ, ಎಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೆ, ಅಡುಗೆ ಮಾಡುವವರ ಕೈಲಿದ್ದ ಪರೀಕ್ಷೆ ಅದು.

ಈಗ ಅದೇ ನೀರು ಸಾವಿರ ಅಡಿ ಆಳದ ಬೋರಿನಿಂದ ಸಂಪಿಗೆ, ಸಂಪಿನಿಂದ ಟ್ಯಾಂಕಿಗೆ, ಅಲ್ಲಿಂದ ಗೀಸರಿಗೆ ಬರುತ್ತಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರಿನ ಹೊರವಲಯ, ಎಲ್ಲ ಕಡೆಯೂ ಕೆಳಗಿರುವುದು ಗ್ರಾನೈಟು ಮತ್ತು ನೈಸ್ ಶಿಲೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರಿಕೊಂಡಿರುತ್ತದೆ. ಕರಾವಳಿಯ ಮುರಕಲ್ಲಿನ ಬಾವಿಗಳ ಕಥೆಯೇ ಬೇರೆ. ಅಲ್ಲಿ ನೀರು ಸಾಮಾನ್ಯವಾಗಿ ಮೆದು, ತೊಂದರೆ ಇದ್ದರೆ ಕಬ್ಬಿಣದ್ದು. ಬಕೆಟ್ ಕೆಂಪಾಗುತ್ತದೆ ಎಂದು, ಗಡಸು ತೆಗೆದು ನೀರನ್ನು ಮೆದು ಮಾಡುವ ಯಂತ್ರವಾದ ಸಾಫ್ಟ್‌ನರ್ ಕೊಂಡರೆ ದುಡ್ಡು ದಂಡ. ಅಲ್ಲಿಗೆ ಬೇಕಾದದ್ದು ಕಬ್ಬಿಣ ತೆಗೆಯುವ ಫಿಲ್ಟರ್.

ಆದ್ದರಿಂದ ಯಂತ್ರಕ್ಕಿಂತ ಮೊದಲು ಬೇಕಾದದ್ದು ಒಂದು ಸಂಖ್ಯೆ. ಗಡಸುತನವನ್ನು ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ ಎಂದು ಅಳೆಯುತ್ತಾರೆ, ಆಡುಮಾತಿನಲ್ಲಿ ಪಿಪಿಎಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 200 ಒಪ್ಪತಕ್ಕದ್ದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಪೆನ್ನಿನಂಥ ಟಿಡಿಎಸ್ ಮೀಟರ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಗಡಸನ್ನು ಬೇರೆಯಾಗಿ ಹೇಳಲು ಅದಕ್ಕೆ ಗೊತ್ತಿಲ್ಲ.

ಬೇಕಾದದ್ದು ಹನಿ ಲೆಕ್ಕದ ಗಡಸುತನದ ಕಿಟ್. ಬೋರ್ ಮೋಟಾರನ್ನು ಹತ್ತು ನಿಮಿಷ ಓಡಿಸಿ, ಆಮೇಲೆ ಬರುವ ನೀರನ್ನು ಪುಟ್ಟ ಬಾಟಲಿಯಲ್ಲಿ ಗೆರೆಯವರೆಗೆ ಹಿಡಿಯಿರಿ. ಬಫರ್ ಹಾಕಿ, ಸೂಚಕದ ಪುಡಿ ಹಾಕಿದರೆ ನೀರು ನೇರಳೆಹಣ್ಣಿನ ರಸದಂತೆ ಕೆಂಪಗಾಗುತ್ತದೆ. ಈಗ ಗಡಸನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಒಂದೊಂದೇ ಹನಿ ಬಿಡುತ್ತ, ಎಣಿಸುತ್ತ, ಅಲ್ಲಾಡಿಸಬೇಕು. ಹನಿ ಬಿದ್ದ ಜಾಗದಲ್ಲಿ ನೀಲಿಯ ಎಳೆಯೊಂದು ಮೂಡಿ ಮಾಯವಾಗುತ್ತದೆ. ಕೊನೆಕೊನೆಗೆ ಆ ಎಳೆ ಹೆಚ್ಚು ಹೊತ್ತು ನಿಲ್ಲುತ್ತದೆ, ಬಣ್ಣ ಮಬ್ಬಾಗುತ್ತದೆ. ಆಮೇಲೆ ಒಂದೇ ಒಂದು ಹನಿಗೆ ಬಾಟಲಿಯೆಲ್ಲ ಶಾಯಿಯ ನೀಲಿಗೆ ತಿರುಗುತ್ತದೆ. ಒಂದು ಹನಿಗೆ ಎಷ್ಟು ಪಿಪಿಎಂ ಎಂಬುದು ಕಿಟ್‌ನ ಮೇಲೆ ಅಚ್ಚಾಗಿರುತ್ತದೆ. ಇದೇ ಕಿಟ್ ಮುಂದೆ ಯಂತ್ರದ ಆರೋಗ್ಯ ನೋಡಲೂ ಬೇಕು, ಒಂದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಜೊತೆಗೆ ಒಮ್ಮೆ ಪ್ರಯೋಗಾಲಯದಲ್ಲಿ ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ನೋಡಿಸಿ. ಕಾರಣ ಮುಂದಿದೆ.

ಸಂಖ್ಯೆ 600 ಬಂತು ಎಂದುಕೊಳ್ಳೋಣ. ನಾಲ್ಕು ಜನರ ಮನೆಯಲ್ಲಿ ಸ್ನಾನ, ಬಟ್ಟೆ, ಪಾತ್ರೆ, ಗೀಸರಿಗೆ ದಿನಕ್ಕೆ 500 ಲೀಟರ್ ಮೆದುನೀರು ಸಾಕು. 500 ಲೀಟರಿಗೆ 600 ಮಿಲಿಗ್ರಾಂನಂತೆ ದಿನಕ್ಕೆ 300 ಗ್ರಾಂ ಗಡಸು. ತಿಂಗಳಿಗೆ 9 ಕಿಲೋ. ಒಂದು ಮನೆಯ ನಲ್ಲಿಗಳಲ್ಲಿ ತಿಂಗಳಿಗೆ ಅಷ್ಟು ಸುಣ್ಣಕ್ಕೆ ಸಮನಾದದ್ದು ಹರಿಯುತ್ತಿದೆ. ನೀರು ಕಾದಾಗ ಅದರಲ್ಲೊಂದು ಪಾಲು ಗೀಸರಿನ ಕಾಯಿಲ್ ಮೇಲೆ, ಸೋಲಾರಿನ ಕೊಳವೆಯೊಳಗೆ ಚಕ್ಕೆಯಾಗಿ ಕೂರುತ್ತದೆ. ಇನ್ನೊಂದು ಪಾಲು ಸೋಪಿನ ಜೊತೆ ಸೇರಿ ಬಕೆಟ್ಟಿನ ಅಂಚಿನ ಬಿಳಿ ಜಿಡ್ಡಾಗುತ್ತದೆ.

ಸಾಫ್ಟ್‌ನರಿನ ಹೃದಯ ರೆಸಿನ್. ಅಂಗೈ ಮೇಲೆ ಹಾಕಿಕೊಂಡು ನೋಡಿದರೆ ಜೋನಿಬೆಲ್ಲದ ಬಣ್ಣದ, ಗಸಗಸೆಯಷ್ಟು ಸಣ್ಣ ಗುಂಡು ಮಣಿಗಳು. ಒದ್ದೆಯಾಗಿದ್ದಾಗ ಬೆರಳ ಸಂದಿಯಿಂದ ಜಾರುತ್ತವೆ. ಪ್ರತಿ ಮಣಿಯಲ್ಲೂ ಸೋಡಿಯಂ ಕೂತಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದರೆ ಅವನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಜಾಗವೆಲ್ಲ ತುಂಬಿದ ಮೇಲೆ ಗಟ್ಟಿ ಉಪ್ಪುನೀರು ಹಾಯಿಸಿದರೆ ಅದಲುಬದಲು ಹಿಂದುಮುಂದಾಗಿ ನಡೆಯುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಗಡಸು ಮಾಯವಾಗುವುದಿಲ್ಲ. ನಲ್ಲಿಯಿಂದ ಮಣಿಗೆ, ಮಣಿಯಿಂದ ಮೋರಿಗೆ ಹೋಗುತ್ತದೆ, ಅಷ್ಟೇ. ಈ ಯಂತ್ರದ ಬಗ್ಗೆ ತೆಗೆದುಕೊಳ್ಳುವ ತೀರ್ಮಾನಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಲೀಟರ್ ರೆಸಿನ್‌ಗೆ 150 ಗ್ರಾಂ ಉಪ್ಪು ಹಾಕಿ ತೊಳೆದರೆ ಅದು ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ. 30 ಲೀಟರ್ ರೆಸಿನ್ ಇದ್ದರೆ 1,500 ಗ್ರಾಂ, ಎಂದರೆ ಮೇಲಿನ ಮನೆಗೆ ಐದು ದಿನ, 2,500 ಲೀಟರ್. ಒಂದು ದಿನದ್ದು ಕೈಯಲ್ಲಿ ಉಳಿಸಿಕೊಂಡು, ಹಾದ ನೀರನ್ನು ಅಳೆದು ರೀಜನರೇಷನ್ ಶುರುಮಾಡುವ ಮೀಟರನ್ನು 2,000 ಲೀಟರಿಗೆ ಇಡಬೇಕು. ನಾಲ್ಕು ದಿನಕ್ಕೊಮ್ಮೆ ನಾಲ್ಕೂವರೆ ಕಿಲೋ ಉಪ್ಪು, ತಿಂಗಳಿಗೆ ಸುಮಾರು 34 ಕಿಲೋ. ಅಂಗಡಿಯವರು ಈ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ ತೋರಿಸದಿದ್ದರೆ ಮುಂಗಡ ಕೊಡಬೇಡಿ.

ಇದೇ ಲೆಕ್ಕ ಹಿಡಿದು ಶವರಿಗೆ ಸಿಕ್ಕಿಸುವ ಪುಟ್ಟ ಸಾಫ್ಟ್‌ನರನ್ನೂ ನೋಡಿ. ಒಳಗೆ ಒಂದು ಲೀಟರ್ ರೆಸಿನ್ ಇದೆ ಎಂದುಕೊಂಡರೂ 50 ಗ್ರಾಂ ಹಿಡಿಯುತ್ತದೆ. 600ರ ನೀರಿಗೆ ಅದು 83 ಲೀಟರ್, ನಾಲ್ಕು ಬಕೆಟ್. ದಿನಾ ಉಪ್ಪುನೀರಿನಲ್ಲಿ ತೊಳೆದರೆ ಉಂಟು, ಇಲ್ಲದಿದ್ದರೆ ಮರುದಿನದಿಂದ ಅದು ಬರೀ ಪ್ಲಾಸ್ಟಿಕ್ ಡಬ್ಬ. ಪೈಪಿಗೆ ಸುತ್ತುವ ಅಯಸ್ಕಾಂತ, ಉಪ್ಪೇ ಬೇಡದ ಕಂಡಿಷನರ್ ಹಾಕಿದ ಮೇಲೂ ಕಿಟ್‌ನ ಹನಿಗಳನ್ನು ಎಣಿಸಿ ನೋಡಿ, ಮೊದಲಿದ್ದಷ್ಟೇ ಇರುತ್ತವೆ. ಅವು ಗಡಸು ತೆಗೆಯುವುದಿಲ್ಲ.

ಎಲ್ಲಿ ಕೂರಿಸಬೇಕು ಎಂಬುದರಲ್ಲಿ ನಮ್ಮ ಮನೆಗಳು ಬಹಳ ತಪ್ಪುತ್ತವೆ. ರೀಜನರೇಷನ್ ತಾನೇ ನಡೆಸುವ ಆಟೋಮ್ಯಾಟಿಕ್ ವಾಲ್ವ್‌ಗಳನ್ನು ರೂಪಿಸಿರುವುದು ಬೀದಿಯ ಕೊಳಾಯಿಯಲ್ಲೇ ಸದಾ ಒತ್ತಡ ಇರುವ ಊರುಗಳಿಗೆ. ನಮ್ಮಲ್ಲಿ ನೀರು ತಾರಸಿಯ ಟ್ಯಾಂಕಿನಿಂದ ಇಳಿಯುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ಎರಡಂತಸ್ತಿನ ಮನೆಯ ನೆಲಮಹಡಿಯಲ್ಲೂ ಅಷ್ಟು ಸಿಗುವುದು ಕಷ್ಟ, ಮೇಲಿನ ಮಹಡಿಯಲ್ಲಿ ಅದರ ಕಾಲು ಭಾಗ. ವಾಲ್ವಿನೊಳಗಿನ ಇಂಜೆಕ್ಟರ್ ಸಣ್ಣ ರಂಧ್ರದಲ್ಲಿ ನೀರನ್ನು ರಭಸವಾಗಿ ಹಾಯಿಸಿ ಆ ಎಳೆತದಿಂದ ಉಪ್ಪುನೀರು ಹೀರುತ್ತದೆ. ಅದಕ್ಕೆ ಒಂದೂವರೆಯಿಂದ ಎರಡು ಬಾರ್ ಬೇಕು. ಟ್ಯಾಂಕಿನ ಬುಡಕ್ಕೆ ನೇರ ಜೋಡಿಸಿದರೆ ಯಂತ್ರ ಗಂಟೆ ಹೊಡೆದಂತೆ ತನ್ನ ಸುತ್ತು ಮುಗಿಸುತ್ತದೆ, ಪರದೆಯಲ್ಲಿ ಎಲ್ಲ ಸರಿ ಇರುತ್ತದೆ, ಉಪ್ಪು ಮಾತ್ರ ಕರಗುವುದೇ ಇಲ್ಲ. ಮೂರು ತಿಂಗಳಾದರೂ ಉಪ್ಪಿನ ಮಟ್ಟ ಇಳಿಯದಿದ್ದರೆ ಖುಷಿಪಡಬೇಡಿ, ಅದು ರೋಗದ ಲಕ್ಷಣ.

ದಾರಿ ಎರಡು. ಟ್ಯಾಂಕಿನ ಕೆಳಗೆ ಪ್ರೆಷರ್ ಪಂಪ್ ಹಾಕಿ, ಅದರ ನಂತರ ಸಾಫ್ಟ್‌ನರ್ ಇಟ್ಟು ಮನೆಗೆ ಕೊಡುವುದು ಒಂದು. ನಲ್ಲಿ ತಿರುಗಿಸಿದಾಗ, ರಾತ್ರಿ ರೀಜನರೇಷನ್ ಶುರುವಾದಾಗ ಪಂಪು ತಾನೇ ಓಡುತ್ತದೆ. ಇನ್ನೊಂದು, ಸಂಪಿನಿಂದ ತಾರಸಿಗೆ ಹೋಗುವ ದಾರಿಯಲ್ಲಿ ಇಡುವುದು. ಇದು ಅಗ್ಗ, ಆದರೆ ಇಲ್ಲಿ ಎರಡು ಹೊಂಡಗಳಿವೆ. ರಾತ್ರಿ ಎರಡಕ್ಕೆ ವಾಲ್ವ್ ತಿರುಗಿದಾಗ ಸಂಪಿನ ಮೋಟಾರು ಮಲಗಿರುತ್ತದೆ, ನೀರಿಲ್ಲದೆ ಸುತ್ತು ಮುಗಿಯುತ್ತದೆ. ಆದ್ದರಿಂದ ಮೋಟಾರನ್ನು ತಾನೇ ಎಬ್ಬಿಸುವ ರಿಲೇ ಇರುವ ವಾಲ್ವ್ ಬೇಕು, ಇಲ್ಲವೇ ಕೈಯಿಂದ ತಿರುಗಿಸುವ ಮಲ್ಟಿಪೋರ್ಟ್ ವಾಲ್ವ್ ಹಾಕಿ, ಭಾನುವಾರ ಬುಧವಾರ ಎಂದು ದಿನ ಗೊತ್ತುಮಾಡಿಕೊಂಡು ಮೋಟಾರು ಹಾಕಿ ಮಾಡಬೇಕು. ನಿಯಮ ತಪ್ಪದ ಮನೆಗೆ ಕೈಯ ವಾಲ್ವೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕೆಡಲು ಅದರಲ್ಲಿ ಹೆಚ್ಚೇನಿಲ್ಲ, ಕರೆಂಟ್ ಹೋದರೆ ಗಡಿಯಾರ ತಪ್ಪುವ ಭಯವೂ ಇಲ್ಲ.

ಎರಡನೆಯ ಹೊಂಡ ವೇಗದ್ದು. 30 ಲೀಟರ್ ರೆಸಿನ್ ಗಂಟೆಗೆ ಸುಮಾರು 600ರಿಂದ 1,200 ಲೀಟರ್ ನೀರನ್ನು ನಿಭಾಯಿಸುತ್ತದೆ. ಒಂದು ಎಚ್‌ಪಿ ಮೋಟಾರು ಅದರ ಎರಡು ಮೂರು ಪಟ್ಟು ತಳ್ಳಬಲ್ಲದು. ಅಷ್ಟು ಅವಸರದಲ್ಲಿ ಹೋದ ನೀರಿಗೆ ಅದಲುಬದಲಿಗೆ ಸಮಯ ಸಿಗದೆ ಗಡಸು ಸೋರುತ್ತದೆ. ಮೋಟಾರಿನ ನಂತರ ಮೂರು ಬಾಯಿಯ ಒಂದು ಟೀ ಜಾಯಿಂಟ್ ಹಾಕಿ, ಹೆಚ್ಚಿನ ನೀರು ಸಂಪಿಗೇ ಮರಳುವಂತೆ ವಾಲ್ವ್ ಕೊಡಿ. ಬಕೆಟ್ ಮತ್ತು ಗಡಿಯಾರ ಹಿಡಿದು ನಿಮಿಷಕ್ಕೆ 20 ಲೀಟರ್ ದಾಟದಂತೆ ಹೊಂದಿಸಿ. ಇದಲ್ಲದೆ ಎತ್ತರದ ಪೈಪಿನಲ್ಲಿರುವ ನೀರು ಒಮ್ಮೆಗೇ ಕೆಳಗಿಳಿದರೆ ವೆಸಲಿನೊಳಗೆ, ಎಂದರೆ ರೆಸಿನ್ ತುಂಬಿರುವ ಉದ್ದನೆಯ ಪಾತ್ರೆಯೊಳಗೆ, ನಿರ್ವಾತ ಉಂಟಾಗುತ್ತದೆ. ಗಾಜಿನ ನಾರು ಬೆರೆತ ಪ್ಲಾಸ್ಟಿಕ್ಕಿನ (ಎಫ್‌ಆರ್‌ಪಿ) ವೆಸಲ್ ಹತ್ತು ಬಾರ್ ಒಳಒತ್ತಡ ತಡೆಯುತ್ತದೆ, ಆದರೆ ಹೊರಗಿನಿಂದ ಒಳಕ್ಕೆ ಹಿಂಡಿದರೆ ಕುಸಿಯುತ್ತದೆ. ನೀರು ಹಿಂದಕ್ಕೆ ಹರಿಯದಂತೆ ಒಂದು ನಾನ್-ರಿಟರ್ನ್ ವಾಲ್ವ್, ನಿರ್ವಾತ ಆಗದಂತೆ ಗಾಳಿ ಬಿಡುವ ಒಂದು ವ್ಯಾಕ್ಯೂಮ್ ಬ್ರೇಕರ್ ಮರೆಯಬೇಡಿ. ತಾರಸಿಯಲ್ಲೇ ಇಡುವುದಾದರೆ ನೆರಳು ಕಡ್ಡಾಯ. ಏಪ್ರಿಲ್ ಬಿಸಿಲಿಗೆ ವೆಸಲಿನ ಮೈ ಸೀಳುತ್ತದೆ, ವಾಲ್ವಿನ ಪ್ಲಾಸ್ಟಿಕ್ ಪೆಡಸಾಗುತ್ತದೆ.

ಇನ್ನು ಜೋಡಣೆ. 30 ಲೀಟರ್ ರೆಸಿನ್‌ಗೆ 10 ಇಂಚು ಅಗಲ, 44 ಇಂಚು ಎತ್ತರದ ವೆಸಲ್ ಸಾಕು. ನೂರಕ್ಕೆ ಸುಮಾರು 60 ಭಾಗ ತುಂಬಿ ಉಳಿದದ್ದು ಖಾಲಿ ಇರಬೇಕು, ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯುವ ಬ್ಯಾಕ್‌ವಾಶ್‌ನಲ್ಲಿ ಮಣಿಗಳು ಮೇಲೆದ್ದು ಆಡಲು. ವೆಸಲನ್ನು ಮಟ್ಟಸವಾದ ನೆಲದ ಮೇಲೆ ನಿಲ್ಲಿಸಿ, ನಡುವಿನ ರೈಸರ್ ಕೊಳವೆಯನ್ನು ಕೆಳಗಿನ ಜಾಲರಿಯೊಂದಿಗೆ ಇಳಿಸಿ, ತಳದ ಗುಳಿಯಲ್ಲಿ ಕೂತಿದೆಯೇ ಎಂದು ತಿರುಗಿಸಿ ನೋಡಿ. ಕೊಳವೆಯ ತುದಿ ವೆಸಲಿನ ಬಾಯಿಗೆ ಸಮನಾಗಿರಬೇಕು. ಅರ್ಧ ಇಂಚು ಗಿಡ್ಡ ಕತ್ತರಿಸಿದರೆ ವಾಲ್ವಿನೊಳಗಿನ ಓ-ರಿಂಗ್ ಹಿಡಿಯುವುದಿಲ್ಲ, ಗಡಸುನೀರು ರೆಸಿನ್ ಮುಟ್ಟದೆ ಅಡ್ಡದಾರಿಯಲ್ಲಿ ಮನೆಗೆ ಹೋಗುತ್ತದೆ. ಎಷ್ಟು ಉಪ್ಪು ಸುರಿದರೂ ನೀರು ಮೆದುವಾಗದಿರುವ ಹೊಸ ಯಂತ್ರಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಕೊಳವೆಯ ಬಾಯಿಗೆ ಟೇಪ್ ಸುತ್ತಿ ಮುಚ್ಚಿ. ಮುಚ್ಚದೆ ಸುರಿದರೆ ಅದರೊಳಗೆ ಬಿದ್ದ ಮಣಿಗಳು ಆಮೇಲೆ ಶವರಿನ ತೂತುಗಳಲ್ಲಿ ಸಿಗುತ್ತವೆ. ವೆಸಲಿಗೆ ಮೂರನೇ ಒಂದು ಭಾಗ ನೀರು ತುಂಬಿಕೊಂಡು, ಕೆಳಗಿನ ಜಾಲರಿ ಮುಚ್ಚುವಷ್ಟು ತೊಳೆದ ಬೆಣಚುಕಲ್ಲು, ಅದರ ಮೇಲೆ ರೆಸಿನ್. ನೀರಿದ್ದರೆ ಕಲ್ಲು ಮೆಲ್ಲಗೆ ಇಳಿಯುತ್ತದೆ, ಜಾಲರಿ ಒಡೆಯುವುದಿಲ್ಲ. ಟೇಪ್ ತೆಗೆದು, ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಸವರಿ, ಮೇಲಿನ ಜಾಲರಿ ಸಿಕ್ಕಿಸಿದ ವಾಲ್ವನ್ನು ಕೈಯಿಂದಲೇ ಬಿಗಿ ಮಾಡಿ. ವ್ಯಾಸಲೀನ್ ಹಚ್ಚಿದರೆ ರಬ್ಬರು ಉಬ್ಬುತ್ತದೆ. ಪೈಪ್ ರೆಂಚ್ ಹಾಕಿದರೆ ಪ್ಲಾಸ್ಟಿಕ್ ತಿರುಪಿನ ಮರೆ ಬಿರಿಯುತ್ತದೆ, ಸೋರಿಕೆ ಒಂದು ವಾರ ಬಿಟ್ಟು ಕಾಣುತ್ತದೆ.

ಪೈಪಿಗೆ ಮೂರು ವಾಲ್ವಿನ ಬೈಪಾಸ್ ಬೇಕೇ ಬೇಕು: ಒಳಗೆ ಒಂದು, ಹೊರಗೆ ಒಂದು, ನಡುವೆ ಒಂದು. ಎರಡೂ ಕಡೆ ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಜಾಯಿಂಟ್. ಯಂತ್ರ ಬಿಚ್ಚಿದ ದಿನವೂ ಮನೆಗೆ ನೀರು ಬರಬೇಕಲ್ಲ. ಒಳಬರುವ, ಹೊರಹೋಗುವ ಬಾಣದ ಗುರುತನ್ನು ಪ್ಲಂಬರ್ ಅಂಟು ಹಚ್ಚುವ ಮೊದಲು ನೀವೇ ಬೆರಳಿಟ್ಟು ತೋರಿಸಿ. ಅದಲುಬದಲಾದರೆ ನೀರು ಕೆಳಗಿನಿಂದ ಮೇಲಕ್ಕೆ ಹರಿದು ರೆಸಿನನ್ನು ಮೇಲಿನ ಜಾಲರಿಗೆ ಒತ್ತುತ್ತದೆ. ಮೋರಿಗೆ ಹೋಗುವ ಪೈಪು ಚಿಕ್ಕದಾಗಿ, ನೇರವಾಗಿ ಇರಲಿ. ಅದರ ತುದಿ ಮೋರಿಯ ನೀರಿಗೆ ಮುಳುಗದೆ ಎರಡಿಂಚು ಮೇಲೆ ನಿಲ್ಲಲಿ. ಮೋರಿ ಕಟ್ಟಿಕೊಂಡರೆ ಆ ಕೊಳಕು ಹಿಂದಕ್ಕೆ ಎಳೆದು ಬರಬಾರದು. ಡ್ರೈನ್ ಬಾಯಲ್ಲಿರುವ ರಬ್ಬರಿನ ಬಿಲ್ಲೆ ಬ್ಯಾಕ್‌ವಾಶ್ ಹರಿವನ್ನು ನಿಮಿಷಕ್ಕೆ 10 ಲೀಟರಿನ ಆಸುಪಾಸಿಗೆ ಹಿಡಿದಿಡುತ್ತದೆ. ಬಿಚ್ಚಿ ತೊಳೆದವರು ಅದನ್ನು ಮರಳಿ ಹಾಕಲು ಮರೆತರೆ ರೆಸಿನ್ ಮೋರಿ ಪಾಲು.

ಮೊದಲ ಸಲ ನೀರು ಬಿಡುವಾಗ ವಾಲ್ವನ್ನು ಬ್ಯಾಕ್‌ವಾಶ್‌ನಲ್ಲಿಟ್ಟು, ಒಳವಾಲ್ವನ್ನು ಕಾಲು ಭಾಗ ಮಾತ್ರ ತೆರೆಯಿರಿ. ಗಾಳಿ ಪುಸುಪುಸು ಎಂದು ಹೊರಟು ಡ್ರೈನಿನಲ್ಲಿ ನೀರು ಸಮನಾಗಿ ಬರುವವರೆಗೆ ಕಾಯಿರಿ. ತೆಳು ಚಹಾದ ಬಣ್ಣ ಬರುತ್ತದೆ, ಹೊಸ ರೆಸಿನ್‌ನದು. ತಿಳಿಯಾದ ಮೇಲೆ ಪೂರ್ತಿ ತೆರೆಯಿರಿ. ಉಪ್ಪಿನ ತೊಟ್ಟಿಗೆ ಮೊದಲ ಬಾರಿ ಹನ್ನೆರಡು ಹದಿಮೂರು ಲೀಟರ್ ನೀರನ್ನು ಕೈಯಿಂದ ಹಾಕಿ. ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪನ್ನಷ್ಟೇ ಕರಗಿಸುವುದರಿಂದ ನಾಲ್ಕೂವರೆ ಕಿಲೋಗೆ ಅಷ್ಟು ಬೇಕು. ನಾಲ್ಕು ಗಂಟೆ ಬಿಟ್ಟು ಒಂದು ಪೂರ್ತಿ ರೀಜನರೇಷನ್ ಓಡಿಸಿ, ಹೊರಬಂದ ನೀರನ್ನು ಕಿಟ್‌ನಲ್ಲಿ ನೋಡಿ. ಸೂಚಕ ಹಾಕಿದ ಕೂಡಲೇ ನೀಲಿಯಾದರೆ ಜೋಡಣೆ ಗೆದ್ದಿತು. ಪೂರ್ತಿ ಸೊನ್ನೆಯ ನೀರಿನಲ್ಲಿ ಸೋಪು ತೊಳೆದರೂ ಮೈ ಜಾರುತ್ತಲೇ ಇರುವಂತೆ ಅನಿಸುತ್ತದೆ. ನಡುವಿನ ಬೈಪಾಸನ್ನು ತುಸು ತೆರೆದು ಹತ್ತರಲ್ಲೊಂದು ಭಾಗ ಗಡಸುನೀರು ಬೆರೆಸಿದರೆ 60 ಪಿಪಿಎಂ ಆಗುತ್ತದೆ, ಮನೆಗೆ ಅದು ಹದ.

ಉಪ್ಪಿನಲ್ಲಿ ಚೌಕಾಸಿ ಬೇಡ. ಚರ್ಮ ಹದ ಮಾಡುವವರಿಗೆ ಮಾರುವ ಹರಳುಪ್ಪಿನಲ್ಲಿ ಮಣ್ಣೂ ಇರುತ್ತದೆ, ಒಂದಿಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ. ತೆಗೆಯಬೇಕಾದದ್ದನ್ನೇ ತಂದು ಹಾಕಿದಂತೆ. ಕೆಸರು ಇಂಜೆಕ್ಟರಿನ ಸೂಜಿರಂಧ್ರ ಕಟ್ಟುತ್ತದೆ. ಸಾಫ್ಟ್‌ನರಿಗೆಂದೇ ಬರುವ ಬಿಲ್ಲೆ ಉಪ್ಪು ತುಟ್ಟಿ, ಆದರೆ ತೊಟ್ಟಿ ತೊಳೆಯುವ ಕೆಲಸ ಉಳಿಸುತ್ತದೆ. ಮಳೆಗಾಲದ ತೇವಕ್ಕೆ ಉಪ್ಪು ಮೇಲೆ ಹೆಪ್ಪುಗಟ್ಟಿ, ಕೆಳಗೆ ಪೊಳ್ಳು ಬಿದ್ದು, ತೊಟ್ಟಿ ತುಂಬಿದಂತೆ ಕಂಡರೂ ನೀರು ಉಪ್ಪನ್ನು ಮುಟ್ಟುತ್ತಿರುವುದಿಲ್ಲ. ತಿಂಗಳಿಗೊಮ್ಮೆ ಕೋಲಿನಿಂದ ಮೆಲ್ಲಗೆ ಒತ್ತಿ ನೋಡಿ.

ಚೆನ್ನಾಗಿದ್ದ ಯಂತ್ರ ಒಮ್ಮೆಗೇ ಕೈಕೊಟ್ಟರೆ ಅನುಮಾನ ಮೊದಲು ನೀರಿನ ಮೇಲಿರಲಿ. ಬೇಸಿಗೆಯಲ್ಲಿ ಬೋರು ಸೊರಗಿ ಟ್ಯಾಂಕರ್ ತರಿಸುತ್ತೀರಿ. ಪ್ರತಿ ಟ್ಯಾಂಕರೂ ಬೇರೆ ಬೋರಿನದು. 900ರ ನೀರು ಬಂದರೆ ಅದೇ ರೆಸಿನ್ 2,500ರ ಬದಲು 1,660 ಲೀಟರಿಗೇ ಸುಸ್ತಾಗುತ್ತದೆ. ಮೀಟರು 2,000ದಲ್ಲೇ ಇದ್ದರೆ ಕೊನೆಯ 340 ಲೀಟರ್ ಸುಣ್ಣದ ನೀರೇ. ನೀರು ಸರಿ ಇದ್ದರೆ ಇಂಜೆಕ್ಟರ್, ಆಮೇಲೆ ಉಪ್ಪುನೀರಿನ ಸಣ್ಣ ಕೊಳವೆಯ ಜಾಯಿಂಟ್. ಅದು ಕೂದಲೆಳೆಯಷ್ಟು ಗಾಳಿ ಎಳೆದರೂ ಉಪ್ಪು ಹೀರುವುದು ನಿಲ್ಲುತ್ತದೆ. ವರ್ಷಗಳು ಕಳೆದಂತೆ ಬಲ ಕುಂದುತ್ತ ಬಂದರೆ ಕಬ್ಬಿಣದ್ದೋ ಕ್ಲೋರಿನ್‌ದೋ ಕೈವಾಡ. ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಫ್ಟ್‌ನರಿಗೆ ಮೊದಲೇ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಮಣಿಗಳ ಮೇಲೆ ತುಕ್ಕು ಕೂರುತ್ತದೆ. ಸಂಪಿಗೆ ಬ್ಲೀಚಿಂಗ್ ಪುಡಿ ಅಳತೆಯಿಲ್ಲದೆ ಸುರಿಯುವ ಅಭ್ಯಾಸ ಮಣಿಗಳನ್ನು ಒಳಗಿಂದ ಸಡಿಲ ಮಾಡುತ್ತದೆ.

ಈ ಯಂತ್ರ ಏನು ಮಾಡುವುದಿಲ್ಲ ಎಂಬುದು ಕೋಲಾರ, ಚಿಕ್ಕಬಳ್ಳಾಪುರದವರಿಗೆ ಜೀವದ ವಿಷಯ. ಸಾಫ್ಟ್‌ನರ್ ಫ್ಲೋರೈಡ್ ತೆಗೆಯುವುದಿಲ್ಲ, ನೈಟ್ರೇಟ್ ತೆಗೆಯುವುದಿಲ್ಲ. ಟಿಡಿಎಸ್ ಇಳಿಯುವುದೂ ಇಲ್ಲ. 600ರ ಗಡಸು ಪೂರ್ತಿ ಹೋದರೆ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿರುತ್ತದೆ. ನೀರು ಈಗ ಸೀನೀರಿನಂತಿದೆ, ಬೇಳೆಯೂ ಬೇಯುತ್ತದೆ ಎಂದು ಅದನ್ನೇ ಕುಡಿಯಬೇಡಿ. ರಕ್ತದೊತ್ತಡದವರು ಇರುವ ಮನೆಯಲ್ಲಂತೂ ಬೇಡವೇ ಬೇಡ. ಕುಡಿಯಲು, ಅಡುಗೆಗೆ ಆರ್‌ಓ. ಅದಕ್ಕೆ ಮೆದುನೀರು ಕೊಟ್ಟರೆ ಮೆಂಬ್ರೇನಿಗೂ ಸುಣ್ಣ ಕಟ್ಟುವುದಿಲ್ಲ, ಸೋಡಿಯಂನ ಬಹುಪಾಲು ಅಲ್ಲಿ ಉಳಿಯುತ್ತದೆ. ಕೈತೋಟಕ್ಕೆ ಮಾತ್ರ ಬೋರಿನ ನೀರೇ ಇರಲಿ, ಅದಕ್ಕೆ ಬೇರೆ ಲೈನ್ ಬಿಡಿ. ಸೋಡಿಯಂ ಮಣ್ಣನ್ನು ಕಟ್ಟಿಹಾಕಿ ನೀರು ಇಂಗದಂತೆ ಮಾಡುತ್ತದೆ. ಕಕ್ಕಸಿನ ಫ್ಲಶ್, ಅಂಗಳ, ಕಾರು ತೊಳೆಯುವುದು, ಇವಕ್ಕೂ ಮೆದುನೀರು ಬೇಕಿಲ್ಲ. ಮನೆ ಕಟ್ಟುವಾಗಲೇ ಎರಡು ಲೈನ್ ಎಳೆದರೆ ಉಪ್ಪಿನ ಖರ್ಚು ಅಷ್ಟರಮಟ್ಟಿಗೆ ಇಳಿಯುತ್ತದೆ.

ಕಡೆಗೆ ಮೋರಿಗೆ ಹೋದದ್ದರ ವಿಚಾರ. ಪ್ರತಿ ಸುತ್ತಿಗೆ 250ರಿಂದ 300 ಲೀಟರ್ ನೀರು, ನಾಲ್ಕೂವರೆ ಕಿಲೋ ಉಪ್ಪಿನ ಜೊತೆ ಹೊರಹೋಗುತ್ತದೆ. ಒಂದು ಬಡಾವಣೆಯಲ್ಲಿ ಇಂಥ ನೂರು ಮನೆ ಇದ್ದರೆ ತಿಂಗಳಿಗೆ 3.4 ಟನ್ ಉಪ್ಪು. ಒಳಚರಂಡಿ ಇಲ್ಲದ ಕಡೆ ಅದು ಇಂಗುಗುಂಡಿಗೆ, ಅಲ್ಲಿಂದ ಅದೇ ಬಂಡೆಯ ಬಿರುಕಿಗೆ, ಅದೇ ಬೋರಿಗೆ. ಮಳೆನೀರಿನ ಇಂಗುಗುಂಡಿಗೆ ಈ ಪೈಪನ್ನು ತಿರುಗಿಸುವುದು ಪಕ್ಕದ ಮನೆಯ ಬಾವಿಗೆ ಉಪ್ಪು ಸುರಿದಂತೆ. ದಯವಿಟ್ಟು ಮಾಡಬೇಡಿ. ಉಪ್ಪಿನ ಅಳತೆಯನ್ನು ಲೀಟರ್ ರೆಸಿನ್‌ಗೆ 150ರಿಂದ 100 ಗ್ರಾಂಗೆ ಇಳಿಸಿದರೆ ಸಾಮರ್ಥ್ಯ ಸುಮಾರು 40 ಗ್ರಾಂಗೆ ಇಳಿಯುತ್ತದೆ. ತೊಳೆಯುವುದು ಸ್ವಲ್ಪ ಪದೇಪದೇ ಆಗುತ್ತದೆ, ನೀರೂ ಹೆಚ್ಚು ಹೋಗುತ್ತದೆ, ಆದರೆ ತಿಂಗಳ ಉಪ್ಪಿನಲ್ಲಿ ಸುಮಾರು ನಾಲ್ಕು ಕಿಲೋ ಉಳಿಯುತ್ತದೆ. ನೀರು ಸಾಕಷ್ಟಿರುವ ಮನೆಗೆ ಇದನ್ನೇ ಹೇಳುತ್ತೇವೆ.

ಅದಕ್ಕಿಂತ ದೊಡ್ಡ ಉಳಿತಾಯ ತಾರಸಿಯ ಮೇಲೆ ಬೀಳುತ್ತದೆ. ಮಳೆನೀರಿನಲ್ಲಿ ಗಡಸು ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನಲ್ಲಿ ನಿಗದಿತ ಅಳತೆಗೆ ಮೇಲ್ಪಟ್ಟ ಕಟ್ಟಡಗಳಿಗೆ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ಆದರೂ ಬಹಳ ಮನೆಗಳಲ್ಲಿ ಆ ಪೈಪು ರಸ್ತೆಯ ಚರಂಡಿ ನೋಡುತ್ತಿದೆ. 100 ಚದರ ಮೀಟರ್ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೆ, ಮೊದಲ ಕೊಳೆನೀರು ಬಿಟ್ಟರೂ 800 ಲೀಟರ್ ಸಂಪಿಗೆ ಸೇರುತ್ತದೆ. ಅರ್ಧಕ್ಕರ್ಧ ಬೆರೆತರೆ 600ರ ಗಡಸು 300 ಆಗುತ್ತದೆ. ಹಾಗಾಗಿ ಮುಂಗಾರು ಹಿಡಿದ ಮೇಲೆ ಸಂಪಿನ ನೀರನ್ನು ವಾರಕ್ಕೊಮ್ಮೆ ಕಿಟ್‌ನಲ್ಲಿ ಎಣಿಸಿ, 300 ಬಂದರೆ ಮೀಟರನ್ನು 2,000ದಿಂದ 4,000ಕ್ಕೆ ಏರಿಸಿ. ಹಿಂಗಾರು ಮುಗಿದು ಮತ್ತೆ ಬೋರಿಗೆ ಮರಳಿದ ದಿನ ಅದನ್ನು ಕೆಳಗಿಳಿಸಿ, ಉಪ್ಪಿನ ತೊಟ್ಟಿಯನ್ನು ಅಂದೇ ಖಾಲಿ ಮಾಡಿ ತೊಳೆಯಿರಿ.